ಎರಡು ಸಲ ಬಿದ್ದ ಸಕ್ಕರೆ

ಮೊದಲನೇ ಬಾಟಲಿ ಒಡೆದದ್ದು ಒಂದು ಬುಧವಾರ ಸಂಜೆ ಊಟದ ಹೊತ್ತಿಗೆ. ಲೋರ್ನಾ ಆಗಷ್ಟೇ ಆಸ್ಪತ್ರೆಯಿಂದ ಬಂದು, ಕೋಟು ಕೂಡ ಬಿಚ್ಚದೆ, ಕುರಿಮಾಂಸದ ಪೈಯನ್ನು ಒಲೆಯಿಂದ ತೆಗೆದು ಮೇಜಿನ ಮೇಲಿಡುತ್ತಿದ್ದಳು. ಕಾಲ ಕೆಳಗೆ, ನೆಲಮಾಳಿಗೆಯಲ್ಲಿ, ಢಬ್ ಎಂದು ಸದ್ದಾಯಿತು. ಅದರ ಬೆನ್ನಿಗೇ ಗಾಜಿನ ಚೂರುಗಳು ಇಟ್ಟಿಗೆ ನೆಲದ ಮೇಲೆ ಚೆಲ್ಲಾಡಿದವು.

"ಬೆಕ್ಕು ಏನೋ ಬೀಳಿಸ್ತು," ಎಂದಳು ಮಗಳು ಟೆಸ್ಸಾ. ಹದಿನಾರು ವರ್ಷದ ಹುಡುಗಿ, ಫೋನಿನಿಂದ ಕಣ್ಣೆತ್ತಲಿಲ್ಲ.

"ಬೆಕ್ಕು ಇಲ್ಲೇ ನನ್ನ ಕಾಲ್ಮೇಲೆ ಮಲಗಿದೆ," ಎಂದ ಅವಳಪ್ಪ ಡಂಕನ್.

ಮೇಜಿನ ಆ ತುದಿಯಲ್ಲಿ ಕೂತಿದ್ದ ಡಂಕನ್‌ನ ಅಪ್ಪ ಸಿರಿಲ್ ಮುಳ್ಳುಚಮಚ ಕೆಳಗಿಟ್ಟರು. ಅವರಿಗೆ ಎಪ್ಪತ್ತೊಂಬತ್ತು. ಬಿಯರಿಗೇ ಹೆಸರಾದ ತಮ್ಮ ಊರು ಬರ್ಟನ್ನಿನ ಕಾರ್ಖಾನೆಯೊಂದರಲ್ಲಿ ಬಾಟಲಿ ತುಂಬುವ ವಿಭಾಗದಲ್ಲೇ ಮೂವತ್ತೆಂಟು ವರ್ಷ ಸವೆಸಿದ್ದವರು.

"ಬೆಕ್ಕಲ್ಲ. ಅದು ಬಾಟಲಿ," ಎಂದರು. "ಇನ್ನೂ ಒಡೀತಾವೆ ನೋಡು."

ಅವರು ಬಾಯಿ ಮುಚ್ಚುವಷ್ಟರಲ್ಲಿ ಇನ್ನೊಂದು ಒಡೆಯಿತು. ಟೆಸ್ಸಾ ಚೀರಿದಳು. ಬೆಕ್ಕು ನೆಗೆದು ಓಡಿತು. ಲೋರ್ನಾಳ ಕೈಯಲ್ಲಿದ್ದ ದೊಡ್ಡ ಚಮಚ ಪೈಯ ಮೇಲೇ ನಿಂತುಬಿಟ್ಟಿತು.

ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲೇ ನಲವತ್ತು ಬಾಟಲಿ ಏಲ್ ಎಂಬ ಬಿಯರ್ ಸಾಲಾಗಿ ನಿಂತಿತ್ತು. ಹತ್ತು ದಿನದ ಹಿಂದೆ, ಒಂದು ಭಾನುವಾರ, ಲೋರ್ನಾ ಮತ್ತು ಸಿರಿಲ್ ಕೂಡಿ ತುಂಬಿಟ್ಟದ್ದು. ಅತ್ತೆ ಎಡಿತ್ ತೀರಿಕೊಂಡ ವರ್ಷ ಸಿರಿಲ್ ಈ ಮನೆಗೆ ಬಂದಾಗ, ಮಾತಿಲ್ಲದೆ ಕಿಟಕಿ ನೋಡುತ್ತ ಕೂರುತ್ತಿದ್ದ ಅವರನ್ನು ಎಬ್ಬಿಸಲೆಂದು ಲೋರ್ನಾ ಕೇಳಿದ್ದಳು, "ಮನೇಲಿ ಏಲ್ ಮಾಡೋದು ಹೇಗೆ ಅಂತ ಹೇಳ್ಕೊಡ್ತೀರಾ?" ಅದು ಅವಳಿಗೇ ಹಿಡಿದುಬಿಟ್ಟಿತು. ಅವಳು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಫಾರ್ಮಸಿಸ್ಟ್. ಇಡೀ ದಿನ ಬೇರೆಯವರು ಕಟ್ಟಿದ ಔಷಧದ ಚೀಲಗಳನ್ನು ತೆರೆದು, ಚೀಟಿ ನೋಡಿ, ಮಾತ್ರೆ ನೋಡಿ, ಸರಿ ಇದೆ ಎಂದು ಸಹಿ ಹಾಕುವುದು ಅವಳ ಕೆಲಸ. ಹಾಗೆ ನೋಡಿ ನೋಡಿ ಕಣ್ಣು ಬತ್ತಿದ ಮೇಲೆ, ತಿಂಗಳಿಗೊಂದು ಭಾನುವಾರ ಮೊಳಕೆ ಬಾರ್ಲಿಯನ್ನು ಬಿಸಿನೀರಿಗೆ ಸುರಿದು ಅದರ ಹಬೆಗೆ ಮುಖ ಒಡ್ಡಿ ನಿಂತರೆ ಅವಳಿಗೆ ಜೀವ ಬಂದಂತಾಗುತ್ತಿತ್ತು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಸಿರಿಲ್ ಅಂಗೈಯಲ್ಲಿ ಉಜ್ಜಿ ಅವಳ ಮೂಗಿಗೆ ಹಿಡಿಯುತ್ತಿದ್ದರು. "ಏನ್ ವಾಸನೆ ಹೇಳು ಡಕ್?" ಆ ಊರಲ್ಲಿ ಬಸ್ಸಿನ ಕಂಡಕ್ಟರಿನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಎಲ್ಲರನ್ನೂ ಅಕ್ಕರೆಯಿಂದ ಕರೆಯುವುದು ಡಕ್ ಎಂದೇ.

ಮೂರನೆಯದು ಒಡೆದಾಗ ಡಂಕನ್ ಎದ್ದು ನೆಲಮಾಳಿಗೆಯ ಬಾಗಿಲಿಗೆ ಕುರ್ಚಿ ಒತ್ತಿಟ್ಟ.

"ಹೀಗ್ಯಾಕಾಯ್ತು?" ಎಂದು ಕೇಳಿದ.

"ಸಕ್ಕರೆ ಜಾಸ್ತಿ ಆಗಿದೆ," ಎಂದಳು ಲೋರ್ನಾ. ಏಲ್ ಹುದುಗಿ ಮುಗಿದ ಮೇಲೆ, ಬಾಟಲಿಗೆ ತುಂಬುವ ಮುಂಚೆ, ಒಂದಿಷ್ಟು ಸಕ್ಕರೆಯನ್ನು ನೀರಲ್ಲಿ ಕುದಿಸಿ ಬೆರೆಸಬೇಕು. ಯೀಸ್ಟು ಅದನ್ನು ತಿಂದು ಬಾಟಲಿಯೊಳಗೆ ಗ್ಯಾಸು ಹುಟ್ಟಿಸುತ್ತದೆ. ಲೋಟದಲ್ಲಿ ನೊರೆ ಏಳುವುದು ಅದರಿಂದ. ಸಕ್ಕರೆ ದುಪ್ಪಟ್ಟಾದರೆ ಗಾಜು ತಡೆಯುವುದಿಲ್ಲ. "ನಾನು ನೂರ ಹತ್ತು ಗ್ರಾಂ ತೂಕ ಮಾಡಿ ಹಾಕಿದೀನಿ. ನಂಗೆ ಚೆನ್ನಾಗಿ ನೆನಪಿದೆ."

ಅವಳು ಮಾವನ ಕಡೆ ತಿರುಗಿದಳು. "ಸಿರಿಲ್, ನಾನು ಹಾಕಾದ್ಮೇಲೆ ನೀವೇನಾದ್ರೂ ಮತ್ತೆ ಹಾಕಿದ್ರಾ?"

ಸಿರಿಲ್ ಬಾಗಿಲಿಗೊತ್ತಿದ ಕುರ್ಚಿಯ ಕಡೆ ನೋಡಿದರು. ಒಂದು ತಿಂಗಳ ಹಿಂದೆ ಅವರು ಖಾಲಿ ಕೆಟಲ್ಲನ್ನು ಗ್ಯಾಸಿನ ಮೇಲಿಟ್ಟು ವಾಕಿಂಗ್ ಹೋಗಿದ್ದರು. ಟೆಸ್ಸಾಳನ್ನು ಎರಡು ಸಲ ಎಡಿತ್ ಎಂದು ಕೂಗಿದ್ದರು. ಅದೆಲ್ಲ ಮೇಜಿನ ಸುತ್ತ ಇದ್ದ ನಾಲ್ಕು ಜನಕ್ಕೂ ಗೊತ್ತಿತ್ತು.

"ಅಪ್ಪ, ನೆನಪು ಮಾಡ್ಕೋ," ಎಂದ ಡಂಕನ್.

"ಹಾಕಿರಬಹುದು," ಎಂದರು ಸಿರಿಲ್. "ನಾನೇ ಹಾಕಿರಬೇಕು. ಇನ್ಯಾರು ಹಾಕ್ತಾರೆ?"

ಲೋರ್ನಾಗೆ ಎದೆಯಿಂದ ಒಂದು ಭಾರ ಇಳಿದಂತಾಯಿತು. ಇಳಿಯಿತಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಇಳಿದದ್ದು ನಿಜ.

ಆಮೇಲಿನ ಮೂರು ದಿನ ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಒಂದು ತುತ್ತು ನುಂಗಲಿಲ್ಲ. ಬಟ್ಟೆ ಒಗೆಯುವ ಯಂತ್ರ ಇದ್ದದ್ದು ನೆಲಮಾಳಿಗೆಯಲ್ಲಿ. ಮನೆ ಬೆಚ್ಚಗಿಡುವ ಬಾಯ್ಲರ್ ಇದ್ದದ್ದೂ ಅಲ್ಲೇ. ಗುರುವಾರ ಬೆಳಿಗ್ಗೆ ಡಂಕನ್ ಕೆಲಸದ ಅಂಗಿ ತರಲು ಕೆಳಗಿಳಿದ. ಅವನು ಸರಕು ರೈಲಿನ ಚಾಲಕ. ಆರು ಗಂಟೆಗೆ ಯಾರ್ಡಿನಲ್ಲಿರಬೇಕಿತ್ತು. ಅವನು ನಾಲ್ಕನೇ ಮೆಟ್ಟಿಲಲ್ಲಿದ್ದಾಗ ಎರಡು ಬಾಟಲಿ ಒಟ್ಟಿಗೇ ಸಿಡಿದವು. ಗಾಜು ಬಂದು ಮೊಣಕೈ ಕೆಳಗೆ ನೆಟ್ಟುಕೊಂಡಿತು. ಮೇಲೆ ಬಂದಾಗ ಅವನ ಮುಖ ಹಿಟ್ಟಿನಂತಾಗಿತ್ತು.

"ಒಂದಡಿ ಮೇಲೆ ಬಂದಿದ್ರೆ ಕಣ್ಣೇ ಹೋಗ್ತಿತ್ತು," ಎಂದ. "ಯಾರೂ ಕೆಳಗೆ ಇಳೀಬೇಡಿ. ಎಲ್ಲಾ ಒಡೆದು ಮುಗೀಲಿ."

"ಎಲ್ಲಾ ಒಡೆಯಕ್ಕೆ ತಿಂಗಳು ಬೇಕಾಗುತ್ತೆ," ಎಂದಳು ಲೋರ್ನಾ, ಗಾಯಕ್ಕೆ ಪಟ್ಟಿ ಸುತ್ತುತ್ತ. "ಕೆಲವು ಒಡೆಯೋದೇ ಇಲ್ಲ, ಕೈ ತಾಗಿದಾಗ್ಲೇ ಒಡೆಯೋದು."

"ಭಾನುವಾರ ಆರಾಮಾಗಿ ಕಾಲು ಚಾಚಿ ಮಲಗೋದು ಬಿಟ್ಟು ಇದು ಬೇಕಿತ್ತಾ ನಿಂಗೆ? ಅಂಗಡೀಲಿ ಬಿಯರ್ ಸಿಗಲ್ವಾ ಈ ಊರಲ್ಲಿ? ಈ ಊರಲ್ಲಿ!"

ಶುಕ್ರವಾರ ಬಾಯ್ಲರ್ ಆರಿಹೋಯಿತು. ಅದನ್ನು ಮತ್ತೆ ಹೊತ್ತಿಸಲು ಯಾರೂ ಇಳಿಯಲಿಲ್ಲ. ಅಕ್ಟೋಬರಿನ ತಣ್ಣನೆ ಮನೆಯಲ್ಲಿ ಎಲ್ಲರೂ ಕೋಟು ಹಾಕಿಕೊಂಡು ಟೋಸ್ಟು, ಬೀನ್ಸು ತಿಂದರು. ಟೆಸ್ಸಾ ಶಾಲೆಯ ಆಟದ ಬಟ್ಟೆಯನ್ನು ಸ್ನಾನದ ತೊಟ್ಟಿಯಲ್ಲಿ ಕುಕ್ಕಿ ಒಗೆಯುತ್ತ ಗೊಣಗಿದಳು. ಒಂದೊಂದು ಸದ್ದಿಗೂ ಲೋರ್ನಾಳ ಭುಜ ತಾನಾಗಿ ಕಿವಿಯವರೆಗೆ ಏರುತ್ತಿತ್ತು. ಎರಡು ಸದ್ದುಗಳ ನಡುವಿನ ಹೊತ್ತಿನಲ್ಲಿ ಅವಳಿಗೆ ಹೆಚ್ಚು ಹೆದರಿಕೆಯಾಗುತ್ತಿತ್ತು.

ಶನಿವಾರ ಅವಳಿಗೆ ಅರ್ಧ ದಿನದ ಕೆಲಸ. ಡಂಕನ್ ರೈಲಿನ ಮೇಲಿದ್ದ, ಟೆಸ್ಸಾ ಗೆಳತಿಯ ಮನೆಗೆ ಹೋಗಿದ್ದಳು. ಮಧ್ಯಾಹ್ನ ಒಂದೂವರೆಗೆ ಲೋರ್ನಾ ಬಾಗಿಲು ತೆಗೆದು ಒಳಗೆ ಬಂದರೆ ಮನೆಯೆಲ್ಲ ಏಲ್ ವಾಸನೆ. ಒತ್ತಿಟ್ಟಿದ್ದ ಕುರ್ಚಿ ಪಕ್ಕಕ್ಕೆ ಸರಿದಿತ್ತು. ನೆಲಮಾಳಿಗೆಯ ಬಾಗಿಲು ಹಾರು ಹೊಡೆದಿತ್ತು.

"ಸಿರಿಲ್?"

ಉತ್ತರವಿಲ್ಲ. ಅವರ ಆರಾಮ ಕುರ್ಚಿ ಖಾಲಿ. ಕೋಟು ನೇತುಹಾಕುವ ಮೊಳೆಯಲ್ಲಿ ಅವರ ದಪ್ಪ ಕೋಟು ಇರಲಿಲ್ಲ.

"ಸಿರಿಲ್! ಕೆಳಗಿದೀರಾ?"

ಕೆಳಗಿನ ದೀಪ ಉರಿಯುತ್ತಿತ್ತು. ಅವಳು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಎರಡನೆಯದಕ್ಕೆ ಕಾಲು ಬರಲೊಲ್ಲದು. ಕೈಚೀಲವನ್ನು ಮುಖಕ್ಕೆ ಅಡ್ಡ ಹಿಡಿದು, ಗೋಡೆಗೆ ಬೆನ್ನು ಉಜ್ಜುತ್ತ ಇಳಿದಳು. ಕೆಳಗಿನ ಮೆಟ್ಟಿಲ ಮೇಲೆ ಸಿರಿಲ್ ಕೂತಿದ್ದರು. ಮೈಮೇಲೆ ಆ ದಪ್ಪ ಕೋಟು, ಕೈಗೆ ಬಿಸಿ ಪಾತ್ರೆ ಹಿಡಿಯುವ ದಪ್ಪ ಗವಸು, ಕಣ್ಣಿಗೆ ಡಂಕನ್ ಮರ ಕೊರೆಯುವಾಗ ಹಾಕುವ ಕನ್ನಡಕ. ಎಡಗಿವಿಯಿಂದ ರಕ್ತ ಇಳಿದು ಕೋಟಿನ ಕಾಲರು ನೆನೆದಿತ್ತು. ನೆಲದ ತುಂಬ ನೊರೆ, ಗಾಜು. ಅವರ ಸುತ್ತ ಮುಚ್ಚಳ ಕಿತ್ತ ಬಾಟಲಿಗಳು ಬುಸುಗುಡುತ್ತಿದ್ದವು.

"ಹದಿನೇಳು ತೆಗೆದೆ," ಎಂದರು. ಹಲ್ಲು ಕಟಕಟ ಎನ್ನುತ್ತಿತ್ತು. "ಮೂರು ನನ್ನ ಕೈಲೇ ಒಡೆದ್ವು. ಮಿಕ್ಕಿದ್ದು ಆಗ್ಲೇ ಹೋಗಿದ್ವು. ಇನ್ನೊಂದೂ ಇಲ್ಲ ಅನ್ಸುತ್ತೆ. ನೀನೊಂದ್ಸಲ ನೋಡಿಬಿಡು ಡಕ್. ನನ್ನ ಎಣಿಕೆ ನಂಬಬೇಡ."

"ಯಾಕೆ ಇಳಿದ್ರಿ? ಯಾರು ಹೇಳಿದ್ರು ನಿಮಗೆ ಇಳೀರಿ ಅಂತ?" ಅವಳು ಕೂಗಿಯೇಬಿಟ್ಟಳು.

"ಮಾಡಿದ್ದು ನಾನು. ನಿಮ್ಮಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ?"

ಕಿವಿಗೆ ನಾಲ್ಕು ಹೊಲಿಗೆ ಬಿತ್ತು. ಆ ರಾತ್ರಿಯ ಊಟಕ್ಕೆ ಡಂಕನ್ ಮೀನು, ಆಲೂ ಕರಿದದ್ದು ಪೊಟ್ಟಣ ಕಟ್ಟಿಸಿ ತಂದ. ಯಾರೂ ಪೊಟ್ಟಣ ಬಿಚ್ಚುವ ಮುಂಚೆಯೇ ಮಾತು ತೆಗೆದ.

"ಅಪ್ಪ, ಸೋಮವಾರ ಡಾಕ್ಟ್ರಿಗೆ ಫೋನ್ ಮಾಡ್ತೀನಿ. ನೆನಪಿನ ಪರೀಕ್ಷೆ ಮಾಡೋ ಕಡೆಗೆ ಬರೆದುಕೊಡ್ತಾರೆ."

"ಮಾಡಪ್ಪ."

"ಹಗಲು ಹೊತ್ತು ವಯಸ್ಸಾದವರನ್ನ ನೋಡ್ಕೊಳ್ಳೋ ಜಾಗ ಇದೆಯಂತೆ. ಅಲ್ಲಿ ಬಿಟ್ಟು..."

"ತಾತನ್ನ ಶಿಶುವಿಹಾರಕ್ಕೆ ಹಾಕ್ತೀಯಾ ಅಪ್ಪಾ?" ಎಂದಳು ಟೆಸ್ಸಾ.

"ನೀನು ಬಾಯ್ಮುಚ್ಚು. ಇವತ್ತು ಕಿವಿ. ನಾಳೆ?"

ಲೋರ್ನಾ ಪೊಟ್ಟಣ ಬಿಚ್ಚಿ ತಟ್ಟೆಗಳಿಗೆ ಹಾಕಿದಳು. ಡಂಕನ್ ಹೇಳುವುದು ಸರಿಯೇ ಎಂದು ಅವಳಿಗೂ ಅನಿಸಿತ್ತು. ಮಾರನೇ ದಿನ ದೊಡ್ಡ ಪಾತ್ರೆ, ಕೊಳವೆ, ಮುಚ್ಚಳ ಒತ್ತುವ ಸಲಕರಣೆ ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ ಹಿತ್ತಲ ಷೆಡ್ಡಿಗೆ ಹಾಕಿದಳು.

ಅಲ್ಲಿಂದ ಮುಂದೆ ಸಿರಿಲ್ ಬೇರೆಯೇ ಮನುಷ್ಯರಾದರು. ಗಡ್ಡ ಕೆರೆದಾಯಿತೋ ಇಲ್ಲವೋ ಎಂದು ಕನ್ನಡಿ ಬಿಟ್ಟು ಬಂದು ಲೋರ್ನಾಳನ್ನು ಕೇಳುವರು. ಟೀ ಲೋಟ ಕೈಯಲ್ಲಿ ಹಿಡಿದು, "ಇದಕ್ಕೆ ಹಾಲು ಹಾಕ್ಕೊಂಡ್ನಾ ನಾನು?" ಎನ್ನುವರು. ಲೋಟದಲ್ಲಿ ಹಾಲು ಕಣ್ಣಿಗೆ ಕಾಣುತ್ತಿರುತ್ತಿತ್ತು. ಒಂದು ಬೆಳಿಗ್ಗೆ ಲೋರ್ನಾ ಕೆಲಸಕ್ಕೆ ಹೊರಡುವಾಗ ಬಾಗಿಲವರೆಗೆ ಬಂದು ಅವಳ ತೋಳು ಹಿಡಿದರು.

"ನಾನು ಎಲ್ಲೂ ಹೋಗಲ್ಲ. ಏನೂ ಮುಟ್ಟಲ್ಲ. ನೀನು ಬರೋವರೆಗೂ ಕುರ್ಚಿ ಬಿಟ್ಟು ಏಳಲ್ಲ. ಆಯ್ತಾ?"

ಅವಳು ಸಂಜೆ ಬಂದಾಗ ಅವರು ಅದೇ ಕುರ್ಚಿಯಲ್ಲಿದ್ದರು. ಮಧ್ಯಾಹ್ನಕ್ಕೆಂದು ಮುಚ್ಚಿಟ್ಟಿದ್ದ ಸ್ಯಾಂಡ್‌ವಿಚ್ಚು ಅಡುಗೆಮನೆಯಲ್ಲಿ ಹಾಗೇ ಇತ್ತು.

ಬಾಟಲಿ ತುಂಬಿದ ದಿನದಿಂದ ಮೂರು ವಾರವಾಗಿತ್ತು. ಅಂದು ಭಾನುವಾರ; ಮಧ್ಯಾಹ್ನದ ಹುರಿದ ಮಾಂಸದೂಟ ಮುಗಿದು ಸಿರಿಲ್ ಮುಂದಿನ ಕೋಣೆಯಲ್ಲಿ ತೂಕಡಿಸುತ್ತಿದ್ದರು. ಡಂಕನ್ ಮೇಲೆ ಮಲಗಿದ್ದ. ಸಿಂಕಿನ ತುಂಬ ಪಾತ್ರೆ.

"ಟೆಸ್ಸಾ, ಇದನ್ನ ತೊಳಿ."

"ಯಾವಾಗ್ಲೂ ನಾನೇ ಯಾಕೆ? ಪರೀಕ್ಷೆ ಇದೆ ನಂಗೆ."

"ಯಾವಾಗ್ಲೂ ನೀನಾ? ವಾರಕ್ಕೊಂದ್ಸಲ ಕೈ ನೆನೆಸೋದಕ್ಕೆ ಇಷ್ಟು ರಾಗಾನಾ?"

"ಭಾನುವಾರ ಎಲ್ಲ ನಾನೇ ತೊಳೆಯೋದು! ಆ ಬಾಟಲಿ ತುಂಬಿದ ದಿನಾನೂ ನಾನೇ. ಎರಡೆರಡು ಪಾತ್ರೆ, ತಳದಲ್ಲಿ ಸಕ್ಕರೆ ಪಾಕ ಕಲ್ಲಾಗಿ ಕೂತಿತ್ತು. ಚಾಕು ತಗೊಂಡು ಕೆರೆದಿದೀನಿ. ಥ್ಯಾಂಕ್ಸ್ ಅಂತ ಒಂದು ಮಾತು ಹೇಳಿದ್ಯಾ?"

ಲೋರ್ನಾ ತಟ್ಟೆ ಒರೆಸುತ್ತಿದ್ದವಳು ನಿಲ್ಲಿಸಿದಳು. "ಎಷ್ಟು ಪಾತ್ರೆ?"

"ಎರಡು. ಹಾಲು ಕಾಯಿಸೋದು, ಮತ್ತೆ ಆ ನೀಲಿ ಹಿಡೀದು."

"ಒಂದರಲ್ಲಿ ತಾತ ಕುದಿಸಿರಬೇಕು."

"ತಾತ ಹೇಗೆ ಕುದಿಸ್ತಾನೆ? ಒಲೆಗೆ ಬೀಗ ಹಾಕಿಸಿದ್ದೀರಲ್ಲ."

ಕೆಟಲ್ಲಿನ ಗಲಾಟೆಯಾದ ಮರುದಿನವೇ ಡಂಕನ್ ಗ್ಯಾಸಿನ ಕೊಳವೆಗೆ ಬೀಗ ಹಾಕಿಸಿದ್ದ. ಅದಕ್ಕೆ ಎರಡೇ ಕೀಲಿ. ಒಂದು ಡಂಕನ್‌ನ ಗೊಂಚಲಲ್ಲಿ. ಆ ಭಾನುವಾರ ಅವನು ಇನ್ನೂರು ಮೈಲಿ ದೂರದ ಬಂದರಿನಲ್ಲಿದ್ದ. ಇನ್ನೊಂದು ಲೋರ್ನಾಳ ಆಸ್ಪತ್ರೆಯ ಗುರುತಿನ ಚೀಟಿಯ ಜೊತೆ, ಅವಳ ಕತ್ತಿನಲ್ಲಿ.

"ತಾತ ಅವತ್ತು ಮೇಲೆ ಬರ್ಲೇ ಇಲ್ಲ," ಎಂದಳು ಟೆಸ್ಸಾ. ಅಮ್ಮನ ಮುಖ ನೋಡಿ ಅವಳ ದನಿ ಇಳಿದಿತ್ತು. "ಕೆಳಗೆ ಬಾಟಲಿ ತೊಳೀತಿದ್ದ. ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ ಅಂತ ಟೀನೂ ನಾನೇ ಕೊಟ್ಟು ಬಂದೆ. ನೀನು ಒಲೆ ಮುಂದೆ ನಿಂತಿದ್ದೆ. ನಾನು ಏನೋ ಕೇಳ್ದೆ, ನೀನು ಹೂಂ ಅಂದೆ. ಆಮೇಲೆ ಆಸ್ಪತ್ರೆಯಿಂದ ಫೋನ್ ಬಂತು, ಮಾತಾಡ್ದೆ. ಆಮೇಲೂ ಒಲೆ ಮುಂದೇನೇ ನಿಂತಿದ್ದೆ."

"ಪಾತ್ರೆ ಕುದೀತಿತ್ತಾ? ಆಮೇಲೆ?"

"ಕುದೀತಿತ್ತು. ಯಾಕಮ್ಮಾ?"

ಲೋರ್ನಾ ಕುರ್ಚಿ ಎಳೆದು ಕೂತಳು. ಮೊದಲನೇ ಪಾತ್ರೆ ಅವಳಿಗೆ ನೆನಪಿತ್ತು: ತಕ್ಕಡಿಯ ಮುಳ್ಳು, ನೂರ ಹತ್ತು, ಪಾಕ ಬಿದ್ದಾಗ ಏಲ್ ಮೇಲೆ ಎದ್ದ ಸುಳಿ. ಫೋನು ನೆನಪಿತ್ತು. ಅದರಾಚೆ ಏನೂ ಇರಲಿಲ್ಲ. ಮಸುಕು ಮಸುಕಾಗಿ ಕೂಡ ಇರಲಿಲ್ಲ. ಅಲ್ಲಿಂದ ನೇರ ಬಾಟಲಿಗೆ ಮುಚ್ಚಳ ಒತ್ತುತ್ತಿದ್ದ ನೆನಪು.

ಅಂದು ಅವಳು ರಜೆಯಿಲ್ಲದೆ ಹನ್ನೊಂದನೇ ದಿನ ಕೆಲಸ ಮಾಡಿ ಬಂದಿದ್ದಳು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ, ಭಾನುವಾರವಾದ್ದರಿಂದ, ಔಷಧ ವಿಭಾಗದಲ್ಲಿ ಅವಳೊಬ್ಬಳೇ ಫಾರ್ಮಸಿಸ್ಟ್. ಮನೆಗೆ ಹೊರಟ ರೋಗಿಗಳ ಚೀಲಗಳನ್ನು ಒಂದಾದ ಮೇಲೊಂದು ತೆರೆದು ನೋಡಿ ಸಹಿ ಹಾಕಿದ್ದಳು. ಆ ಬೆಳಗನ್ನು ನೆನಪಿಗೆ ತರಲು ನೋಡಿದಳು. ಕಿಟಕಿಯ ಮೇಲಿನ ಗಡಿಯಾರ ನೆನಪಿಗೆ ಬಂತು. ಚೀಲಗಳು ಬರಲಿಲ್ಲ. ಒಂದೂ ಬರಲಿಲ್ಲ.

ಬಾಟಲಿ ಒಡೆಯುವ ದಿನಗಳ ಭಯ ಇದರ ಮುಂದೆ ಏನೂ ಅಲ್ಲ ಎನಿಸಿತು. ಒಡೆದರೆ ಸದ್ದಾದರೂ ಆಗುತ್ತಿತ್ತು.

ಅವಳು ಮುಂದಿನ ಕೋಣೆಗೆ ಹೋಗಿ ಸಿರಿಲ್‌ರ ಕುರ್ಚಿಯ ಪಕ್ಕ ನೆಲದ ಮೇಲೇ ಕೂತಳು. ಅವರು ಬೆಚ್ಚಿ ಎಚ್ಚರಾದರು.

"ಏನ್ ಡಕ್? ಏನ್ ಮಾಡ್ದೆ ನಾನು?"

"ನೀವೇನೂ ಮಾಡಿಲ್ಲ. ಸಕ್ಕರೆ ಎರಡು ಸಲ ಹಾಕಿದ್ದು ನಾನು. ನೀವು ಮುಟ್ಟೇ ಇಲ್ಲ." ಅವಳು ಪಾತ್ರೆಯ ವಿಷಯ, ಕೀಲಿಯ ವಿಷಯ ಎಲ್ಲ ಹೇಳಿದಳು. "ನಿಮ್ಮ ಮೇಲೆ ಹಾಕ್ಬಿಟ್ಟೆ. ಅದಕ್ಕೇ ನೀವು ಕೆಳಗಿಳಿದ್ರಿ. ನನ್ನ ಕ್ಷಮಿಸಿ ಸಿರಿಲ್."

ಸಿರಿಲ್ ಹೊಲಿಗೆ ಬಿಚ್ಚಿದ ಕಿವಿಯನ್ನು ಮುಟ್ಟಿಕೊಂಡರು. ಅವರ ಮುಖದಲ್ಲಿ ಸಮಾಧಾನ ಕಾಣುತ್ತದೆ ಎಂದು ಅವಳು ಕಾದಳು. ಕಾಣಲಿಲ್ಲ.

"ನಾನು ಹಾಕಿಲ್ವಾ? ಖಂಡಿತಾ?"

"ಖಂಡಿತಾ."

"ನೀನು ಕೇಳಿದ ದಿನ ನಂಗೇನೂ ನೆನಪಿರ್ಲಿಲ್ಲ," ಎಂದರು ಮೆಲ್ಲಗೆ. "ಮಾರನೇ ದಿನ ನೆನಪಾಯ್ತು. ಸಕ್ಕರೆ ಚೀಲ ಕೈಯಲ್ಲಿ ಹಿಡಿದಿದ್ದು, ಸುರಿದಿದ್ದು, ಬೆರಳಿಗೆ ಅಂಟಿದ್ದು. ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಾಡದೇ ಇರೋದು ಕಾಣಿಸುತ್ತೆ ಡಕ್ ನಂಗೆ. ಅದಕ್ಕೇನ್ ಮಾಡೋದು?"

"ನಂಗೆ ಮಾಡಿದ್ದು ಕಾಣಿಸ್ತಿಲ್ಲ," ಎಂದಳು ಲೋರ್ನಾ.

ಆಮೇಲೆ ಅವಳು ಆ ಬೆಳಗಿನ ಚೀಲಗಳ ಮಾತೆತ್ತಿದಳು. ಡಂಕನ್ ಮೆಟ್ಟಿಲಿಳಿದು ಬಂದವನು ಬಾಗಿಲಲ್ಲೇ ನಿಂತು ಕೇಳಿದ.

"ತಾಳು, ತಾಳು," ಎಂದ. "ಎಲ್ಲಿಂದ ಎಲ್ಲಿಗೆ ಹೋಗ್ತಿದೀಯ? ಬಿಯರಿಗೆ ಎರಡು ಸಲ ಸಕ್ಕರೆ ಹಾಕ್ದೆ. ಸುಸ್ತಾಗಿತ್ತು, ಹಾಕ್ದೆ. ಅದಕ್ಕೂ ಆಸ್ಪತ್ರೆಗೂ ಏನ್ ಸಂಬಂಧ?"

"ಅದೇ ದಿನ. ಅದೇ ತಲೆ."

"ಏನಾದ್ರೂ ತಪ್ಪಾಗಿದ್ರೆ ಮೂರು ವಾರದಲ್ಲಿ ಗೊತ್ತಾಗ್ತಿರ್ಲಿಲ್ವಾ?"

"ಹೇಗ್ ಗೊತ್ತಾಗುತ್ತೆ? ಮನೇಲಿ ಕೂತು ನುಂಗ್ತಿರ್ತಾರೆ. ಹುಷಾರಿಲ್ಲ ಅಂದ್ರೆ ಕಾಯಿಲೆ ಅಂದ್ಕೋತಾರೆ."

"ಹೋಗಿ ಹೇಳ್ತೀಯಾ? 'ನಾನು ಅವತ್ತು ಏನ್ ಮಾಡ್ದೆ ಗೊತ್ತಿಲ್ಲ' ಅಂತ? ನಿನ್ನ ಲೈಸೆನ್ಸ್ ಕಿತ್ಕೋತಾರೆ ಲೋರ್ನಾ. ಇಪ್ಪತ್ತು ವರ್ಷದ ಕೆಲಸ. ಸುಮ್ನಿರು. ಒಂದು ವಾರ ರಜೆ ಹಾಕು, ನಿದ್ದೆ ಮಾಡು."

"ನೀನು ಕೆಂಪು ದೀಪ ದಾಟಿದ್ರೆ ಸುಮ್ನಿರ್ತೀಯಾ?"

"ದಾಟಿದ್ರೆ ಯಂತ್ರಾನೇ ಹೇಳುತ್ತೆ. ಬ್ರೇಕು ತಾನೇ ಬೀಳುತ್ತೆ."

"ನನ್ನ ಹತ್ರ ಆ ಯಂತ್ರ ಇಲ್ಲ."

ಡಂಕನ್ ಅಪ್ಪನ ಕಡೆ ತಿರುಗಿದ. "ನೀನಾದ್ರೂ ಹೇಳಪ್ಪ ಇವಳಿಗೆ."

ಸಿರಿಲ್ ತಲೆ ಎತ್ತಿದರು. "ನನ್ನನ್ನ ಡಾಕ್ಟ್ರ ಹತ್ರ ಕಳಿಸ್ತಿದೀಯಲ್ಲ ನೀನು? ತಲೆ ಸರಿ ಇದ್ಯಾ ನೋಡಿಸ್ಕೊಂಡು ಬಾ ಅಂತ? ನಾನು ಬೇಡ ಅಂದ್ನಾ? ಅವಳನ್ನ ಯಾಕೆ ತಡೀತೀಯ?"

ಡಂಕನ್ ಅಡುಗೆಮನೆಗೆ ಹೋಗಿ, ಮಗಳು ಬಿಟ್ಟುಹೋಗಿದ್ದ ಪಾತ್ರೆಗಳನ್ನು ಒಂದೊಂದಾಗಿ ದಡದಡ ಸದ್ದು ಮಾಡುತ್ತ ತೊಳೆದಿಟ್ಟ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಲೋರ್ನಾ ವಿಭಾಗದ ಮುಖ್ಯಸ್ಥೆ ಮೆರಿಯಲ್‌ಳ ಕೋಣೆಯ ಬಾಗಿಲು ತಟ್ಟಿದಳು. ಹೇಳಲು ಐದು ನಿಮಿಷ ಸಾಕಾಯಿತು. ಮೆರಿಯಲ್ ಕನ್ನಡಕ ತೆಗೆದಿಟ್ಟು ಕೇಳಿದಳು, "ಇದರ ಬಗ್ಗೆ ಯಾರಾದ್ರೂ ದೂರು ಕೊಟ್ಟಿದಾರಾ?"

"ಇಲ್ಲ."

"ಹಾಗಾದ್ರೆ ನಿಂಗೆ ಹೇಗೆ..."

"ಬಿಯರ್ ಬಾಟಲಿ ಒಡೀತು," ಎಂದಳು ಲೋರ್ನಾ. ಹಾಗೆ ಹೇಳಿದ ಮೇಲೆ ಅವಳಿಗೆ ಅಳು ಬಂತು.

ಅವಳನ್ನು ಮನೆಗೆ ಕಳಿಸಿದರು. ಆ ಭಾನುವಾರ ಅವಳು ಸಹಿ ಹಾಕಿದ ನಲವತ್ತಮೂರು ಚೀಲಗಳ ದಾಖಲೆಯನ್ನೂ ಬೇರೆ ಇಬ್ಬರು ಕೂತು ನೋಡುವುದು, ಅನುಮಾನ ಬಂದಲ್ಲಿ ರೋಗಿಯ ಮನೆಗೇ ಫೋನ್ ಮಾಡಿ ಡಬ್ಬಿಯ ಮೇಲಿನ ಬರಹ ಓದಿಸುವುದು ಎಂದಾಯಿತು. ಮಂಗಳವಾರ ಫೋನ್ ಬರಲಿಲ್ಲ. ಬುಧವಾರವೂ ಬರಲಿಲ್ಲ. ಲೋರ್ನಾ ಮನೆಯ ಪರದೆಗಳನ್ನೆಲ್ಲ ಇಳಿಸಿ ಒಗೆದಳು. ನೆಲಮಾಳಿಗೆಯ ಇಟ್ಟಿಗೆ ಸಂದಿಯಿಂದ ಗಾಜಿನ ಪುಡಿಯನ್ನು ಮಂಡಿಯೂರಿ ಹೆಕ್ಕಿದಳು. ಸಿರಿಲ್ ಮೇಲಿನ ಮೆಟ್ಟಿಲಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದರು.

"ಚೀಲದಲ್ಲಿ ಒಂದು ತಪ್ಪೂ ಸಿಗಲ್ಲ ಅಂದ್ಕೋ," ಎಂದರು.

"ಸಿಗದೇ ಇದ್ರೂ ಹೆದರಿಕೆ ಹೋಗಲ್ಲ ಸಿರಿಲ್."

"ಅದು ನಂಗೊತ್ತು."

ಗುರುವಾರ ಮಧ್ಯಾಹ್ನ ಮೂರಕ್ಕೆ ಫೋನ್ ಬಂತು. ಲೋರ್ನಾ ನಿಂತೇ ಕೇಳಿಸಿಕೊಂಡಳು. ಒಂದು ಕೈ ಗೋಡೆಯ ಮೇಲಿತ್ತು.

ನಲವತ್ತೆರಡು ಸರಿ ಇದ್ದವು. ಒಂದು ಸರಿ ಇರಲಿಲ್ಲ. ಎನಿಡ್ ಥ್ರೋಸ್ಬಿ ಎಂಬ ಎಂಬತ್ತೆರಡರ ಮುದುಕಿ. ಹೃದಯದ ಬಡಿತ ತಗ್ಗಿಸಲು ಕೊಡುವ ಮಾತ್ರೆ. ಅರ್ಧ ಬಲದ್ದು ಕೊಡಬೇಕಿತ್ತು, ಇಡೀ ಬಲದ್ದು ಹೋಗಿತ್ತು. ಚೀಲ ಕಟ್ಟಿದವರು ಬೇರೆ, ಸರಿ ಇದೆ ಎಂದು ಸಹಿ ಹಾಕಿದವಳು ಲೋರ್ನಾ. ಮೂರು ವಾರದಿಂದ ಆಕೆಗೆ ಊಟ ಸೇರುತ್ತಿರಲಿಲ್ಲ, ವಾಂತಿ, ತಲೆಸುತ್ತು. ಬಿಳಿ ಗೋಡೆಯೆಲ್ಲ ಹಳದಿಯಾಗಿದೆ, ಯಾರು ಬಣ್ಣ ಬಳಿದರು ಎಂದು ಕೇಳುತ್ತಿದ್ದಳಂತೆ. ಮುಪ್ಪಿಗೆ ತಲೆ ಕೆಟ್ಟಿದೆ ಎಂದು ಮಗ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಆಸ್ಪತ್ರೆಯವರು ಬುಧವಾರ ಸಂಜೆಯೇ ಆಂಬುಲೆನ್ಸ್ ಕಳಿಸಿ ಕರೆಸಿಕೊಂಡಿದ್ದರು. ನಾಡಿ ನಿಮಿಷಕ್ಕೆ ಮೂವತ್ತೆಂಟಕ್ಕೆ ಇಳಿದಿತ್ತು.

"ಬದುಕ್ತಾಳಾ?" ಎಂದು ಕೇಳಿದಳು ಲೋರ್ನಾ. ಆಮೇಲೆ ಫೋನು ಕೆಳಗಿಟ್ಟು ಸಿರಿಲ್‌ಗೆ ಹೇಳಿದಳು, "ಬದುಕ್ತಾಳಂತೆ. ಇನ್ನೊಂದು ವಾರ ಕಳೆದಿದ್ರೆ ಇಲ್ಲ ಅಂದ್ರು."

ಅವಳ ಲೈಸೆನ್ಸಿನ ವಿಷಯ ವಿಚಾರಣೆಗೆ ಹೋಯಿತು. ಅಲ್ಲಿಯವರೆಗೆ ಸಹಿ ಹಾಕುವ ಕೆಲಸ ಇಲ್ಲ. ರಜೆ ಕೊಡದೆ ಹನ್ನೊಂದು ದಿನ ದುಡಿಸಿದ್ದು ಯಾರು ಎಂಬ ವಿಚಾರಣೆಯೂ ಅದರ ಜೊತೆಗೇ ನಡೆಯುತ್ತದೆ ಎಂದು ಮೆರಿಯಲ್ ಹೇಳಿದಳು. ಡಂಕನ್ ಅದನ್ನೆಲ್ಲ ಕೇಳಿ, ಅವಳ ತಟ್ಟೆಗೆ ಇನ್ನೊಂದು ಚಮಚ ಬಟಾಣಿ ಬಡಿಸಿ, "ತಿನ್ನು," ಎಂದ. ಸಿರಿಲ್‌ರ ಪರೀಕ್ಷೆಯೂ ಆ ವಾರವೇ ಆಯಿತು. ನೆನಪು ಸ್ವಲ್ಪ ಸವೆದಿದೆ, ಆರು ತಿಂಗಳಿಗೆ ಮತ್ತೆ ಬನ್ನಿ ಎಂದರು. ಹಗಲು ಬಿಡುವ ಜಾಗದ ಮಾತನ್ನು ಡಂಕನ್ ಮತ್ತೆ ಎತ್ತಲಿಲ್ಲ.

ರೋಗಿಗೆ ತಪ್ಪು ತಿಳಿಸುವುದು ಆಸ್ಪತ್ರೆಯ ಕರ್ತವ್ಯ. ಪತ್ರ ಹೋಗುತ್ತದೆ, ನಾನೂ ಹೋಗಿ ಮಾತಾಡುತ್ತೇನೆ, ನೀನು ಬರಲೇಬೇಕು ಅಂತಿಲ್ಲ ಎಂದಿದ್ದಳು ಮೆರಿಯಲ್. ಲೋರ್ನಾ ಬರುತ್ತೇನೆ ಎಂದಳು.

ಎನಿಡ್ ಥ್ರೋಸ್ಬಿ ದಿಂಬಿಗೊರಗಿ ಕೂತಿದ್ದಳು. ಗುಬ್ಬಿಯಷ್ಟು ಸಣ್ಣ ಹೆಂಗಸು, ಕೂದಲು ಬಾಚಿ ಪಿನ್ನು ಸಿಕ್ಕಿಸಿತ್ತು. ಅರುವತ್ತರ ಹತ್ತಿರದ ಮಗ ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದ. ಲೋರ್ನಾಗೆ ಬಾಗಿಲಲ್ಲೇ ತಿರುಗಿ ಓಡಿಬಿಡಬೇಕು ಎನಿಸಿತು. ಮೆರಿಯಲ್ ಕುರ್ಚಿ ತೋರಿಸಿದಳು. ಅವಳು ಕೂತು, ಕೈಗಳನ್ನು ತೊಡೆಯ ನಡುವೆ ಒತ್ತಿಕೊಂಡು ಹೇಳಿದಳು. ಯಾವ ಮಾತ್ರೆ, ಎಷ್ಟಿರಬೇಕಿತ್ತು, ಎಷ್ಟು ಹೋಯಿತು, ನೋಡಿ ಸಹಿ ಹಾಕಿದ್ದು ತಾನು.

ಮುದುಕಿ ದಿಂಬು ಬಿಟ್ಟು ಮುಂದಕ್ಕೆ ಬಾಗಿದಳು.

"ಅಂದ್ರೆ, ಗೋಡೆ ಹಳದಿ ಕಂಡಿದ್ದು?"

"ಆ ಮಾತ್ರೆಯಿಂದ."

"ನಂಗೆ ಹುಚ್ಚು ಹಿಡಿದಿರ್ಲಿಲ್ಲ?"

"ಇಲ್ಲ. ನಿಮಗೆ ಕಂಡಿದ್ದು ನಿಜವಾಗ್ಲೂ ಹಳದೀನೇ. ನಿಮ್ಮ ತಲೆ ಸರಿಯಾಗೇ ಇದೆ. ತಪ್ಪು ನಂದು."

ಎನಿಡ್‌ಳ ಗಲ್ಲ ನಡುಗಿತು. ಮೂರು ವಾರ ಅವಳೊಬ್ಬಳೇ ಹೊತ್ತು ಹೆದರಿದ್ದೆಲ್ಲ ಆ ನಡುಕದಲ್ಲಿತ್ತು. ಆಮೇಲೆ ಅವಳು ಸೆರಗಿನಂತೆ ಹೊದ್ದಿದ್ದ ಶಾಲನ್ನು ಸರಿಮಾಡಿಕೊಂಡು, ಕಿಟಕಿಯ ಕಡೆ ಬೆರಳು ಮಾಡಿದಳು.

"ರೆಜಿನಾಲ್ಡ್, ಇಲ್ಲಿ ಬಾ. ಹತ್ರ ಬಾ." ಮಗ ಬಂದು ಮಂಚದ ಕಾಲಬಳಿ ನಿಂತ. ಅವಳು ಲೋರ್ನಾಳ ಕಡೆ ತಿರುಗಿದಳು. "ಈಗ ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು ಡಕ್. ಗಟ್ಟಿಯಾಗಿ. ಇವನಿಗೆ ಕೇಳೋ ಹಾಗೆ."

ಲೋರ್ನಾ ಕುರ್ಚಿಯಿಂದ ಎದ್ದು ನಿಂತು, ಮಗನ ಮುಖವನ್ನೇ ನೋಡುತ್ತ, ತನ್ನ ಹೆಸರಿನಿಂದ ಶುರುಮಾಡಿ ಎಲ್ಲವನ್ನೂ ಮತ್ತೆ ಹೇಳಿದಳು.